ಅಂಬಾಸಡರೋ, ಮಾರುತಿ 800ವೋ? ಹುಟ್ಟುಗುಣ ಯಾವುದು, ರೋಗ ಯಾವುದು ಎಂದು ನೋಡುವ ಬಗೆ

ಕೈಯಲ್ಲಿರುವ ಅದೇ ರೊಕ್ಕಕ್ಕೆ ಎರಡು ಹಳೇ ಗಾಡಿ ಎದುರಿಗೆ ಬಂದಿವೆ ಅಂತಿಟ್ಟುಕೊಳ್ಳಿ. ಒಂದು 1980ರ ದಶಕದ ಅಂಬಾಸಡರ್, 1489 ಸಿಸಿ ಪೆಟ್ರೋಲ್. ಇನ್ನೊಂದು 1990ರ ದಶಕದ ಮಾರುತಿ 800, ಕಾರ್ಬೋರೇಟರ್ ಇರುವುದು. ‘ಎರಡರಾಗ ಯಾವುದು ಚಲೋ ಅದ?’ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ಆರ್‌ಸಿ ನೋಡಿದರೆ ಇವುಗಳ ನಡುವೆ ಹತ್ತು ವರ್ಷ, ನಕ್ಷೆ ನೋಡಿದರೆ ಸುಮಾರು ಮೂವತ್ತು. ಅಂಬಾಸಡರ್ ಅಂದರೆ 1956ರ ಬ್ರಿಟಿಷ್ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿ. 1986ರಿಂದ ಬಂದ 800ರ ಮೈಕಟ್ಟು 1984ರ ಸುಜುಕಿ ಆಲ್ಟೊದ್ದು. ಎರಡರ ತಯಾರಿಕೆಯೂ ನಿಂತದ್ದು ಮಾತ್ರ ಒಂದೇ ವರ್ಷ, 2014ರಲ್ಲಿ.

ಹಾಗಾಗಿ ಒಂದನ್ನು ಇನ್ನೊಂದರ ಪಕ್ಕ ನಿಲ್ಲಿಸಿ ಅಳೆಯಬೇಡಿ. ಪ್ರತಿ ಗಾಡಿಯನ್ನೂ ಅದರ ಕಾಲದ ಆರೋಗ್ಯವಂತ ಗಾಡಿಯ ಜೊತೆ ಅಳೆಯಿರಿ. ಹುಟ್ಟುಗುಣ ಸುಟ್ಟರೂ ಹೋಗದು. ಅದಕ್ಕೆ ಖರ್ಚು ಮಾಡಿ ಪ್ರಯೋಜನವಿಲ್ಲ, ಅದನ್ನು ತೋರಿಸಿ ಬೆಲೆ ಇಳಿಸುವುದೂ ಸರಿಯಲ್ಲ. ರೋಗಕ್ಕೆ ಮಾತ್ರ ಲೆಕ್ಕ. ಆ ರೋಗ ಕಲಬುರಗಿಯಲ್ಲೋ ಬೀದರ್‌ನಲ್ಲೋ ಯಾದಗಿರಿಯಲ್ಲೋ ವಾಸಿಯಾಗುತ್ತದೆಯೇ ಅನ್ನುವುದೇ ಕೊನೆಯ ತೀರ್ಮಾನ. ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಪಟ್ಟಿ ಹಾಕಿಕೊಳ್ಳಿ: ಹುಟ್ಟುಗುಣ, ಇಲ್ಲೇ ರಿಪೇರಿ ಆಗುವ ರೋಗ, ನಮಸ್ಕಾರ ಹೇಳಿ ವಾಪಸ್ ಬರಬೇಕಾದ ರೋಗ. ಎರಡೂ ಗಾಡಿಗೆ ಬೇರೆ ಬೇರೆ ಹಾಳೆ.

ಮನೆ ಬಿಡುವ ಮುಂಚೆ: ಟೇಪು ಮತ್ತು ಕಾಗದ

ಅಂಬಾಸಡರ್ ಉದ್ದ ಸುಮಾರು 4.3 ಮೀಟರ್, ಅಗಲ 1.66. ಮಾರುತಿ 800 ಉದ್ದ 3.3 ಮೀಟರ್, ಅಗಲ 1.44. ಕಾಗದದ ಮೇಲೆ ಅಗಲದ ವ್ಯತ್ಯಾಸ ಒಂದು ಗೇಣು ಅಷ್ಟೇ. ಆದರೆ ಕಲಬುರಗಿಯ ದರ್ಗಾ ಸುತ್ತಿನ ಓಣಿಯಲ್ಲೋ ಬೀದರ್‌ನ ಹಳೇ ಊರಿನಲ್ಲೋ ಮನೆ ಇದ್ದವರಿಗೆ ಆ ಗೇಣೇ ಎಲ್ಲ. ನಿಮ್ಮ ಗೇಟಿನ ಅಗಲ ಅಳೆಯಿರಿ. ಕನ್ನಡಿಗಳಿಗೆಂದು ಗಾಡಿಯ ಅಗಲಕ್ಕೆ ಸುಮಾರು 25 ಸೆಂ.ಮೀ. ಸೇರಿಸಿ. ಒಂದು ಕಡೆ ಬಾಗಿಲು ತೆರೆದು ಇಳಿಯಲು ಕನಿಷ್ಠ 60 ಸೆಂ.ಮೀ. ಬೇಕು. ಗೇಟಿನ ಮುಂದಿನ ಓಣಿ ಸಣ್ಣದಿದ್ದರೆ ಗೇಟು ಅಗಲವಿದ್ದೂ ಉಪಯೋಗವಿಲ್ಲ, ತಿರುಗಿಸಿ ಒಳಗೆ ಹಾಕಲು ಜಾಗವಿರುವುದಿಲ್ಲ. ಇಲ್ಲಿಗೇ ಅಂಬಾಸಡರ್ ಕಥೆ ಮುಗಿದರೆ ಮುಂದಿನದ್ದೆಲ್ಲ ವ್ಯರ್ಥ ಓಡಾಟ.

ಕಾಗದದಲ್ಲಿ ಮೊದಲು ನೋಡಬೇಕಾದ್ದು ಆರ್‌ಸಿಯ ಅವಧಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25 ಕೊಟ್ಟು, ಗಾಡಿಯನ್ನು ತಪಾಸಣೆಗೆ ಒಯ್ದು, 5 ವರ್ಷಕ್ಕೊಮ್ಮೆ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ 2025ರಿಂದ ಶುಲ್ಕ 10,000 ರೂಪಾಯಿ. ಅವಧಿ ಮುಗಿದ ಮೇಲೆ ಸುಮ್ಮನೆ ಬಿಟ್ಟಿದ್ದರೆ ತಿಂಗಳಿಗೆ 500ರಂತೆ ತಡವಾದ ದಂಡ ಏರುತ್ತಾ ಹೋಗುತ್ತದೆ. ಐದು ವರ್ಷ ಅಂಗಳದಲ್ಲಿ ನಿಂತ ಗಾಡಿ ಅಂದರೆ ಬರೀ ದಂಡವೇ 30,000. ಮಾರುವವರು ಇದನ್ನು ಹೇಳುವುದಿಲ್ಲ, ಹಲವರಿಗೆ ಗೊತ್ತೂ ಇರುವುದಿಲ್ಲ.

ನಮ್ಮ ಕಡೆ ಗಾಡಿಗಳು ಸೊಲ್ಲಾಪುರದಿಂದಲೂ ಹೈದರಾಬಾದಿನಿಂದಲೂ ಬರುತ್ತವೆ. ಹೊರ ರಾಜ್ಯದ ನಂಬರ್ ಇದ್ದರೆ ಅಲ್ಲಿನ ಆರ್‌ಟಿಒ ಕೊಟ್ಟ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲ ಅನ್ನುವ ಪತ್ರ (ಫಾರಂ 28), ಕೈಯಲ್ಲಿ ಇರಲೇಬೇಕು. ‘ಆಮ್ಯಾಲ ತರಿಸಿಕೊಡ್ತೀನ್ರಿ’ ಅನ್ನುವ ಮಾತಿಗೆ ಮುಂಗಡ ಕೊಡಬೇಡಿ. 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟರೆ ಇಲ್ಲಿನ ನಂಬರ್ ಮಾಡಿಸಬೇಕು: ಕಲಬುರಗಿಗೆ ಕೆಎ 32, ಯಾದಗಿರಿಗೆ ಕೆಎ 33, ಬೀದರ್‌ಗೆ ಕೆಎ 38. ಅದರ ಜೊತೆ ಇಲ್ಲಿನ ರಸ್ತೆ ತೆರಿಗೆಯೂ ಬರುತ್ತದೆ. ಅದೆಷ್ಟು ಅಂತ ಆರ್‌ಟಿಒದಲ್ಲೇ ಮೊದಲು ಕೇಳಿ ಬರೆದುಕೊಳ್ಳಿ.

ಹಳೇ ಪುಸ್ತಕದ ಆರ್‌ಸಿ ಇದ್ದರೆ ಗಾಡಿಯ ವಿವರ ಆನ್‌ಲೈನ್ ದಾಖಲೆಗೆ ಏರಿದೆಯೇ ನೋಡಿ. ಏರದಿದ್ದರೆ ಹೆಸರು ಬದಲಿಯೂ ಆಗುವುದಿಲ್ಲ, ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟೂ ಬರುವುದಿಲ್ಲ. ಹಳೇ ಮಾಲೀಕರೇ ಆರ್‌ಟಿಒಗೆ ಹೋಗಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಿಕೊಡಬೇಕು. ಅಂಬಾಸಡರ್ ವಿಷಯದಲ್ಲಿ ಇನ್ನೂ ಒಂದು: ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಿದ ಗಾಡಿಗಳು ಬಹಳ. ಆರ್‌ಸಿಯಲ್ಲಿ ಪೆಟ್ರೋಲ್, ಬಾನೆಟ್ ಕೆಳಗೆ ಡೀಸೆಲ್ ಇದ್ದರೆ ತಪಾಸಣೆಯಲ್ಲಿ ನಿಲ್ಲುತ್ತದೆ. ಇಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಓದಿ, ತಾಳೆ ನೋಡಿ. ಅಂಕಿಗಳ ಸುತ್ತ ಉಜ್ಜಿದ ಗುರುತಿದ್ದರೆ ಅದು ಮೂರನೇ ಪಟ್ಟಿಗೆ.

ಹುಟ್ಟುಗುಣ

ಅತಿ ಹೆಚ್ಚು ತಪ್ಪು ತೀರ್ಮಾನ ಆಗುವುದು ಇಲ್ಲಿ. 800 ಓಡಿಸಿ ಅಭ್ಯಾಸವಾದವರು ಅಂಬಾಸಡರ್ ಹತ್ತಿದರೆ ಎಲ್ಲವೂ ಕೆಟ್ಟಂತೆ ಕಾಣುತ್ತದೆ. ಅಂಬಾಸಡರ್‌ನವರು 800 ಹತ್ತಿದರೆ ಡಬ್ಬಿಯೊಳಗೆ ಕೂತಂತೆ ಅನ್ನಿಸುತ್ತದೆ.

ಎಣ್ಣೆ ಸೋರಿಕೆ ನೋಡಿ. ಅಂಬಾಸಡರ್‌ನ ಹಳೇ 1489 ಇಂಜಿನ್‌ನ ಕ್ರ್ಯಾಂಕ್ ಹಿಂಬದಿಯಲ್ಲಿ ರಬ್ಬರ್ ಸೀಲ್ ಇಲ್ಲ. ಸುರುಳಿ ಗೆರೆ ಕೊರೆದು ಎಣ್ಣೆಯನ್ನು ಒಳಕ್ಕೆ ತಿರುಗಿಸುವ ಏರ್ಪಾಡು ಅಷ್ಟೇ. ಇಂಜಿನ್ ನಿಂತ ಮೇಲೆ ಅಲ್ಲಿಂದ ನಾಲ್ಕು ಹನಿ ಬೀಳುತ್ತವೆ. ಎರಡೂ ಗಾಡಿಯ ಕೆಳಗೆ ಒಂದೊಂದು ರಟ್ಟು ಹಾಸಿ, ಬಿಸಿ ಇಂಜಿನ್ ನಿಲ್ಲಿಸಿ ಒಂದು ತಾಸು ಬಿಡಿ. ಅಂಬಾಸಡರ್ ಕೆಳಗೆ ರೂಪಾಯಿ ಬಿಲ್ಲೆಯಷ್ಟು ಕಲೆ ಇದ್ದರೆ ಹುಟ್ಟುಗುಣ, ಅಂಗೈಯಗಲ ಇದ್ದರೆ ಬೇರಿಂಗ್ ಸವೆದಿದೆ. 800 ಕೆಳಗೆ ಬಿಲ್ಲೆಯಷ್ಟು ಕಲೆಯೂ ರೋಗವೇ, ಅದಕ್ಕೆ ಸೀಲ್ ಇದೆ.

ಗೇರ್. ಅಂಬಾಸಡರ್‌ನ ಹಳೇ ನಾಲ್ಕು ಗೇರಿನ ಡಬ್ಬಿಯಲ್ಲಿ ಮೊದಲ ಗೇರಿಗೆ ಸಿಂಕ್ರೊ, ಅಂದರೆ ಗೇರ್ ಸೇರುವ ಮುಂಚೆ ಎರಡರ ವೇಗ ಹೊಂದಿಸುವ ಏರ್ಪಾಡು, ಇಲ್ಲ. ಗಾಡಿ ಉರುಳುತ್ತಿರುವಾಗ ಮೊದಲನೆಯದಕ್ಕೆ ಹಾಕಿದರೆ ‘ಕರ್’ ಅನ್ನುತ್ತದೆ, ಪೂರ್ತಿ ನಿಲ್ಲಿಸಿ ಹಾಕಬೇಕು. 800ರಲ್ಲಿ ಎಲ್ಲ ಮುಂದಿನ ಗೇರಿಗೂ ಸಿಂಕ್ರೊ ಇದೆ. ಅಲ್ಲಿ ಆ ಸದ್ದು ಬಂದರೆ ಡಬ್ಬಿ ಇಳಿಸುವ ಕೆಲಸ ಕಾದಿದೆ. ಅಂಬಾಸಡರ್‌ನಲ್ಲಿ ಎರಡನೆಯದಕ್ಕೆ ಇಳಿಸುವಾಗ ಸದ್ದು ಬಂದರೆ ಅದೂ ರೋಗ. ಸ್ಟಿಯರಿಂಗ್ ಪಕ್ಕದ ಗೇರ್ ಕಡ್ಡಿ ಗೊಳಗೊಳ ಅಲ್ಲಾಡುವುದು ಬುಷ್ ಸವೆತ. ಸಣ್ಣ ಖರ್ಚು, ಎರಡನೇ ಪಟ್ಟಿ.

ನಡುಕ. 800ರದು ಮೂರು ಸಿಲಿಂಡರ್, 796 ಸಿಸಿ. ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ, ಕನ್ನಡಿ ಸ್ವಲ್ಪ ನಡುಗಿಯೇ ನಡುಗುತ್ತದೆ. ಸ್ಟಿಯರಿಂಗ್, ಸೀಟು, ಡ್ಯಾಶ್‌ಬೋರ್ಡ್ ಎಲ್ಲವೂ ನಡುಗಿದರೆ ಮೌಂಟಿಂಗ್ ರಬ್ಬರ್ ಹೋಗಿದೆ, ಅಥವಾ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಒಂದೊಂದೇ ಪ್ಲಗ್ ವೈರ್ ಕಳಚಿ ನೋಡಿ. ಯಾವುದನ್ನು ಕಳಚಿದಾಗ ಇಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಸತ್ತ ಸಿಲಿಂಡರ್. ನಾಲ್ಕು ಸಿಲಿಂಡರಿನ ಅಂಬಾಸಡರ್ ಐಡಲ್‌ನಲ್ಲಿ ಅಷ್ಟು ನಡುಗಬಾರದು.

ಬ್ರೇಕ್. ಅಂಬಾಸಡರ್‌ಗೆ ನಾಲ್ಕೂ ಡ್ರಮ್, 800ಕ್ಕೆ ಮುಂದೆ ಡಿಸ್ಕ್. ಡ್ರಮ್ಮಿನ ಗಾಡಿ ನೀರಲ್ಲಿ ಇಳಿದು ಬಂದ ಮೇಲೆ ಮೊದಲ ಎರಡು ಸಲ ಒಂದು ಪಕ್ಕಕ್ಕೆ ಎಳೆಯುವುದು ಸಹಜ. ಒಣ ರಸ್ತೆಯಲ್ಲೂ ಎಳೆದರೆ ವೀಲ್ ಸಿಲಿಂಡರ್ ಜಾಮ್.

ಬಾಡಿ: ಇಡೀ ದಿನ ಹೋದರೂ ಪರವಾಗಿಲ್ಲ

ಇಂಜಿನ್ ಇಳಿಸಿ ಕಟ್ಟಬಹುದು. ಬಾಡಿ ಕೊಳೆತಿದ್ದರೆ ಕಟ್ಟಲಾಗದು. ಅಂಬಾಸಡರ್‌ಗೆ ಲಾರಿಯ ಹಾಗೆ ಕೆಳಗೆ ಬೇರೆ ಚಾಸಿ ಇದೆ, ಮೇಲಿನ ತಗಡು ಹೋದರೂ ನಡೆಯುತ್ತದೆ ಎಂಬ ನಂಬಿಕೆ ಇನ್ನೂ ಇದೆ. ಅದು ತಪ್ಪು. 800ರ ಹಾಗೆ ಅದರದ್ದೂ ಬಾಡಿಯೇ ಚಾಸಿ. ತಗಡು ದಪ್ಪ, ಅಷ್ಟೇ ವ್ಯತ್ಯಾಸ. ದಪ್ಪ ತಗಡು ಕೊಳೆತದ್ದು ಹೊರಗೆ ಕಾಣಲು ಹೆಚ್ಚು ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಒಳಗಿನ ಪೆಟ್ಟಿಗೆಗಳು ಟೊಳ್ಳಾಗಿರುತ್ತವೆ.

ಕಲಬುರಗಿಯ ಹವೆ ಒಣದು, ಜಂಗು ಹಿಡಿಯುವುದು ನಿಧಾನ. ಹಾಗಂತ ಧೈರ್ಯ ಬೇಡ. ಎರೆ ಮಣ್ಣು ಗಾಲಿಯ ಮೇಲಿನ ಕಮಾನಿನೊಳಗೆ ಅಂಟಿಕೊಂಡರೆ ದಿನಗಟ್ಟಲೆ ನೀರು ಹಿಡಿದಿಡುತ್ತದೆ. ಹೊರಗೆ ಬಿಸಿಲು, ಒಳಗೆ ಹಸಿ. ನೋಡಲು ಹೋದಾಗ ಹಿಂದಿನ ಗಾಲಿಯ ಕಮಾನಿನ ಒಳಗೆ ಕೈ ಹಾಕಿ ಆ ಮಣ್ಣಿನ ಹೆಂಟೆಯನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ. ಹೆಂಟೆಯ ಬೆನ್ನಿಗೆ ಕಪ್ಪು ಬಣ್ಣವೇ ಇದ್ದರೆ ಸರಿ. ಕೆಂಪು ಪದರ ಅಂಟಿಕೊಂಡು ಬಂದರೆ ಅಲ್ಲಿ ತಗಡು ತೆಳುವಾಗಿದೆ. ಕೊಂಕಣ, ಮುಂಬೈ ಕಡೆಯಿಂದ ಬಂದ ಗಾಡಿಯಾದರೆ ಈ ಕೆಲಸ ಎರಡು ಸಲ ಮಾಡಿ.

ಆಮೇಲೆ ಅಯಸ್ಕಾಂತ. ಫ್ರಿಜ್ಜಿಗೆ ಅಂಟಿಸುವ ಸಣ್ಣದು ಸಾಕು, ಬಣ್ಣಕ್ಕೆ ಗೀರು ಬೀಳದಂತೆ ತೆಳು ಬಟ್ಟೆ ಸುತ್ತಿ. ಮೊದಲು ಮಾಡಿನ ಮೇಲೆ ಇಟ್ಟು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಅಂತ ಕೈಗೆ ಪರಿಚಯ ಮಾಡಿಕೊಳ್ಳಿ, ಅಲ್ಲಿ ಪುಟ್ಟಿ ಇರುವುದು ಅಪರೂಪ. ನಂತರ ಬಾಗಿಲುಗಳ ಕೆಳಗಿನ ಆರು ಇಂಚು, ಬಾಗಿಲ ಕೆಳಗಿನ ಪಟ್ಟಿ, ಗಾಲಿಯ ಸುತ್ತು. ಹಿಡಿತ ಸಡಿಲವಾದಲ್ಲಿ ಪುಟ್ಟಿ ಇದೆ. ಬಿದ್ದೇ ಹೋದರೆ ಪುಟ್ಟಿಯ ಕೆಳಗೆ ತಗಡೇ ಇಲ್ಲದಿರಬಹುದು.

800ರಲ್ಲಿ ಮುಖ್ಯವಾಗಿ ನೋಡಬೇಕಾದ ಜಾಗ: ಬ್ಯಾಟರಿ ಕೂರುವ ತಟ್ಟೆ, ಆಸಿಡ್ ಅಲ್ಲಿ ತಿನ್ನುತ್ತದೆ; ಮುಂದಿನ ಶಾಕ್ ಮೇಲ್ತುದಿ ಬಾಡಿಗೆ ಬೋಲ್ಟ್ ಆಗುವ ಗುಂಬದ ಸುತ್ತ; ಚಾಲಕನ ಕಾಲ ಕೆಳಗಿನ ನೆಲ. ಮ್ಯಾಟ್ ಎತ್ತದೆ ನೆಲ ನೋಡಿದೆ ಅನ್ನಬೇಡಿ. ಅಂಬಾಸಡರ್‌ನಲ್ಲಿ ಹಿಂದಿನ ಕಮಾನ್ ಪಾಟಾ (ಎಲೆ ಸ್ಪ್ರಿಂಗ್) ಬಾಡಿಗೆ ಸೇರುವ ಕೊಂಡಿ, ಡಿಕ್ಕಿಯ ನೆಲ, ಸ್ಟೆಪ್ನಿ ಜಾಗ, ಬಾಗಿಲ ಕೆಳಗಿನ ಪೆಟ್ಟಿಗೆ.

ಜಾಕ್ ಪರೀಕ್ಷೆ ಬಿಡಬೇಡಿ. ಗಾಡಿ ಸಮನೆಲದಲ್ಲಿರುವಾಗ ಹಿಂದಿನ ಬಾಗಿಲನ್ನು (800 ಆದರೂ ಅಂಬಾಸಡರ್ ಆದರೂ ನಾಲ್ಕು ಬಾಗಿಲೇ) ಮೆಲ್ಲಗೆ ಮುಚ್ಚಿ, ಯಾವ ಸದ್ದಿಗೆ ಕೂರುತ್ತದೆ ಕೇಳಿಕೊಳ್ಳಿ. ಈಗ ಅದೇ ಪಕ್ಕದ ಮುಂದಿನ ಜಾಕ್ ಜಾಗದಲ್ಲಿ ಎತ್ತಿ, ಮುಂದಿನ ಗಾಲಿ ನೆಲದಿಂದ ಎರಡು ಬೆರಳು ಮೇಲೇಳಲಿ. ಮತ್ತೆ ಅದೇ ಬಾಗಿಲು ತೆರೆದು ಮುಚ್ಚಿ. ಅದೇ ಸದ್ದಿಗೆ ಕೂತರೆ ಬಾಡಿ ಗಟ್ಟಿ. ಬಾಗಿಲು ಕಂಬಕ್ಕೆ ತಾಗಿದರೆ, ಚಿಲಕ ಎತ್ತಿ ಹಾಕಬೇಕಾದರೆ, ಕೆಳಗಿನ ಪೆಟ್ಟಿಗೆ ಭಾರ ಹೊರುತ್ತಿಲ್ಲ. ಜಾಕ್ ತಲೆಯೇ ತಗಡಿನೊಳಗೆ ‘ಕರಕ್’ ಅಂತ ಇಳಿದರೆ ಜಾಕ್ ಇಳಿಸಿ, ಚಹಾ ಕುಡಿದು ಮನೆಗೆ ಬನ್ನಿ. ಜಾಕ್ ಮೇಲಿರುವ ಗಾಡಿಯ ಕೆಳಗೆ ಮಾತ್ರ ನುಸುಳಬೇಡಿ.

ಅಪಘಾತವಾಗಿ ಎಳೆದು ನೇರ ಮಾಡಿದ ಗಾಡಿ ಹಿಡಿಯಲು ನಮ್ಮ ಕಡೆ ಒಂದು ಅನುಕೂಲ ಇದೆ: ಶಹಾಬಾದ್ ಫರ್ಷಿ ಹಾಸಿದ ಅಂಗಳ. ಸ್ಟಿಯರಿಂಗ್ ನೇರ ಇಟ್ಟು ಗಾಡಿ ನಿಲ್ಲಿಸಿ. ಮುಂದಿನ ಗಾಲಿಯ ನಡುವಿನಿಂದ ಹಿಂದಿನ ಗಾಲಿಯ ನಡುವಿಗೆ ಎಡಕ್ಕೂ ಬಲಕ್ಕೂ ಟೇಪು ಹಿಡಿಯಿರಿ. ಅಂಬಾಸಡರ್‌ಗೆ 2464 ಮಿ.ಮೀ., 800ಕ್ಕೆ 2175 ಮಿ.ಮೀ. ಹತ್ತಿರ ಬರಬೇಕು. ಎರಡು ಪಕ್ಕದ ನಡುವೆ ನಾಲ್ಕೈದು ಮಿ.ಮೀ. ವ್ಯತ್ಯಾಸ ಟೇಪಿನ ತಪ್ಪಿರಬಹುದು. 10 ಮಿ.ಮೀ. ದಾಟಿದರೆ ಗಾಡಿ ಎಲ್ಲೋ ಬಡಿಸಿಕೊಂಡಿದೆ. ಫರ್ಷಿಯಿಂದ ಗಾಲಿ ಕಮಾನಿನ ಅಂಚಿನ ಎತ್ತರವನ್ನೂ ನಾಲ್ಕು ಮೂಲೆಯಲ್ಲಿ ಅಳೆಯಿರಿ. ಅಂಬಾಸಡರ್‌ಗೆ ಮುಂದೆ ಟಾರ್ಷನ್ ಬಾರ್ (ಸ್ಪ್ರಿಂಗಿನ ಬದಲು ತಿರುಚಿಕೊಳ್ಳುವ ಸರಳು) ಇರುವುದರಿಂದ ಒಂದು ಮೂಲೆ ಇಳಿದಿದ್ದರೆ ಹೊಂದಿಸಬಹುದು. 800ರಲ್ಲಿ ಇಳಿದಿದ್ದರೆ ಸ್ಪ್ರಿಂಗ್ ಬದಲಿ.

ಇಂಜಿನ್: ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ

ಬೆಳಿಗ್ಗೆ ಏಳಕ್ಕೆ ಹೋಗಿ. ಮೊದಲು ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮುಂಚೆಯೇ ಬಿಸಿ ಮಾಡಿದ್ದಾರೆ, ಇನ್ನೊಂದು ದಿನ ಹೇಳದೆ ಹೋಗಿ. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೀರು ನೋಡಿ, ಆಯಿಲ್ ಕಡ್ಡಿ ಎಳೆದು ನೋಡಿ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ಕೆನೆ ಇದ್ದರೆ ಎಣ್ಣೆಗೆ ನೀರು ಸೇರಿದೆ. ರೇಡಿಯೇಟರ್ ಮುಚ್ಚಳ ತೆಗೆದಿಟ್ಟೇ ಇಂಜಿನ್ ಚಾಲೂ ಮಾಡಿಸಿ. ರೇಡಿಯೇಟರ್ ನೀರಲ್ಲಿ ನಿಲ್ಲದೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪದರ) ಹೋಗಿದೆ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಒಂದು ಗ್ಯಾರೇಜಿನಿಂದ ತನ್ನಿ. ಎರಡೂ ಇಂಜಿನ್ನಿಗೆ 14 ಮಿ.ಮೀ. ಪ್ಲಗ್ ಚೂಡಿಯೇ, ಒಂದೇ ಗೇಜ್ ಸಾಕು. ಇಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ ಎಲ್ಲ ಪ್ಲಗ್ ಬಿಚ್ಚಿ, ಕಾಯಿಲ್ ವೈರ್ ಕಳಚಿ, ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಲಿ, ಮುಳ್ಳು ನಿಲ್ಲುವ ತನಕ. ಪ್ರತಿ ಸಿಲಿಂಡರಿನ ಅಂಕಿ ಬರೆದುಕೊಳ್ಳಿ.

ಇಲ್ಲಿ ಎರಡು ಗಾಡಿಯ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬೇಡಿ. 800ರ ಕಂಪ್ರೆಷನ್ ಅನುಪಾತ 8.7. ಹಳೇ ಅಂಬಾಸಡರ್‌ನದು ಅದಕ್ಕಿಂತ ಕಡಿಮೆ, ಗೇಜ್ ಕಡಿಮೆಯೇ ತೋರಿಸುತ್ತದೆ. ನೋಡಬೇಕಾದ್ದು ಆ ಗಾಡಿಯದೇ ಸಿಲಿಂಡರುಗಳ ನಡುವಿನ ವ್ಯತ್ಯಾಸ. ಅತಿ ಹೆಚ್ಚಿನದಕ್ಕೂ ಅತಿ ಕಡಿಮೆಯದಕ್ಕೂ ನೂರಕ್ಕೆ ಹತ್ತರೊಳಗೆ ಇದ್ದರೆ ಇಂಜಿನ್ ಸಮನಾಗಿ ಸವೆದಿದೆ. ಒಂದು ಕಡಿಮೆ ಇದ್ದರೆ ಆ ಸಿಲಿಂಡರಿಗೆ ಒಂದು ಚಹಾ ಚಮಚ ಇಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಅಂಕಿ ಏರಿದರೆ ರಿಂಗ್ ಅಥವಾ ಬೋರ್, ಏರದಿದ್ದರೆ ವಾಲ್ವ್. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಬಿದ್ದಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಒಡೆದಿದೆ.

ಅಂಬಾಸಡರ್‌ನಲ್ಲಿ ವಾಲ್ವ್ ದೋಷ ಬಂದರೆ ಅದಕ್ಕೊಂದು ಹಿನ್ನೆಲೆ ಇದೆ. ಆ 1489 ಇಂಜಿನ್ನಿನ ಹೆಡ್ ಬೀಡು ಕಬ್ಬಿಣದ್ದು, ವಾಲ್ವ್ ಕೂರುವ ಜಾಗವನ್ನು ಅದರಲ್ಲೇ ಕೊರೆದಿದ್ದಾರೆ. ಸೀಸದ ಪೆಟ್ರೋಲ್ ಇದ್ದಾಗ ಸೀಸದ ಪದರ ಆ ಜಾಗವನ್ನು ಕಾಯುತ್ತಿತ್ತು. 2000ದಿಂದ ದೇಶದಲ್ಲಿ ಸೀಸವಿಲ್ಲದ ಪೆಟ್ರೋಲ್ ಮಾತ್ರ. ಎಕ್ಸಾಸ್ಟ್ ವಾಲ್ವ್ ನಿಧಾನಕ್ಕೆ ಹೆಡ್ಡಿನೊಳಗೆ ಇಳಿಯುತ್ತದೆ, ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಟ್ಯಾಪೆಟ್ ಸಂದು ಮುಚ್ಚಿಕೊಳ್ಳುತ್ತದೆ. ಟ್ಯಾಪೆಟ್ ಸದ್ದೇ ಇಲ್ಲದ ಹಳೇ ಅಂಬಾಸಡರ್ ಕಂಡು ಖುಷಿ ಪಡಬೇಡಿ, ಸ್ವಲ್ಪ ಟಿಕ್‌ಟಿಕ್ ಇರುವುದೇ ಒಳ್ಳೆಯದು. ಗಟ್ಟಿ ಸೀಟ್ ರಿಂಗ್ ಕೂರಿಸುವ ಕೆಲಸ ಹೆಡ್ ಕೆಲಸ ಗೊತ್ತಿರುವ ಲೇತ್‌ನಲ್ಲಿ ಆಗುತ್ತದೆ, ಒಮ್ಮೆ ಮಾಡಿಸಿದರೆ ಮುಗಿಯಿತು. ‘ಇಂಜಿನ್ ಈಗಷ್ಟೇ ಕೆಲ್ಸ ಆಗ್ಯದ ರೀ’ ಅಂದರೆ ಲೇತ್ ಬಿಲ್ ಕೇಳಿ, ಸೀಟ್ ರಿಂಗ್ ಬರೆದಿದೆಯೇ ನೋಡಿ.

800ರ ಹೆಡ್ ಅಲ್ಯೂಮಿನಿಯಂ. ಅದರ ಶತ್ರು ಬಿಸಿ. ಅದಕ್ಕೇ ಮಧ್ಯಾಹ್ನದ ಪರೀಕ್ಷೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ 42 ಡಿಗ್ರಿ ದಾಟುವುದು ಮಾಮೂಲು. ಎರಡು ಗಂಟೆ ಹೊತ್ತಿಗೆ ಗಾಡಿ ಬಿಸಿಲಲ್ಲೇ ನಿಲ್ಲಿಸಿ 20 ನಿಮಿಷ ಐಡಲ್ ಬಿಡಿ. 800ಕ್ಕೆ ಕರೆಂಟ್ ಫ್ಯಾನ್. ಅದು ತಾನಾಗಿ ಶುರುವಾಗಿ, ತಾನಾಗಿ ನಿಲ್ಲಬೇಕು, ಮತ್ತೆ ಶುರುವಾಗಬೇಕು. ಕೀ ಹಾಕಿದ ಕೂಡಲೇ ತಿರುಗಿ ನಿಲ್ಲದೇ ಇದ್ದರೆ ಯಾರೋ ಸ್ವಿಚ್ ತಪ್ಪಿಸಿ ನೇರ ವೈರ್ ಕೊಟ್ಟಿದ್ದಾರೆ. ಹಾಗೆ ಕೊಟ್ಟದ್ದು ಯಾಕೆ ಅನ್ನುವುದು ಮುಖ್ಯ. ಬಹುಪಾಲು ಒಮ್ಮೆ ಕುದಿದ ಗಾಡಿಗೆ ಮಾಡುವ ಉಪಾಯ ಅದು. ಹೆಡ್ ಬಿಚ್ಚುವ ಸಂದರ್ಭ ಬಂದರೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ತೂರಿಸಿ. 0.05 ಮಿ.ಮೀ. ಎಲೆ ಹೋದರೆ ಹೆಡ್ ಬಾಗಿದೆ, ಲೇತ್‌ನಲ್ಲಿ ಉಜ್ಜಿ ಸಮ ಮಾಡಿಸಬೇಕು (ಫೇಸಿಂಗ್).

ಅಂಬಾಸಡರ್‌ನ ಫ್ಯಾನ್ ಬೆಲ್ಟಿನದು, ಇಂಜಿನ್ ತಿರುಗಿದಷ್ಟೇ ಗಾಳಿ. ಐಡಲ್‌ನಲ್ಲಿ ಮುಳ್ಳು ಸ್ವಲ್ಪ ಏರುವುದು ಹುಟ್ಟುಗುಣ. ರೇಸ್ ಕೊಟ್ಟು ಎರಡು ನಿಮಿಷದಲ್ಲಿ ಇಳಿಯದಿದ್ದರೆ ರೇಡಿಯೇಟರ್ ಕಟ್ಟಿದೆ. ನಮ್ಮ ಬೋರ್ ನೀರು ಗಡಸು. ವರ್ಷಗಟ್ಟಲೆ ಅದನ್ನೇ ಸುರಿದಿದ್ದರೆ ಕೊಳವೆಗಳಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ಹಿತ್ತಾಳೆ ರೇಡಿಯೇಟರ್ ಆದರೆ ಮೇಲಿನ ಟ್ಯಾಂಕ್ ಬಿಚ್ಚಿ, ಸರಳು ಹೊಡೆದು, ಮತ್ತೆ ಬೆಸುಗೆ ಹಾಕುತ್ತಾರೆ. ಪ್ಲಾಸ್ಟಿಕ್ ಟ್ಯಾಂಕಿನದಾದರೆ ಬದಲಿಯೇ ದಾರಿ. 800ರ 0.9 ಕೆ.ಜಿ. ಒತ್ತಡದ ಮುಚ್ಚಳವನ್ನು ಹಳೇ ಅಂಬಾಸಡರ್ ರೇಡಿಯೇಟರಿಗೆ ತಿರುಗಿಸುವ ಜಾಣತನ ಬೇಡ, ಬೆಸುಗೆ ಬಿಡುತ್ತದೆ.

ಬಿಸಿ ಇಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಮತ್ತೆ ಸೆಲ್ಫ್ ಹೊಡೆಯಿರಿ. ಎರಡಕ್ಕೂ ಪೆಟ್ರೋಲ್ ಪಂಪು ಇಂಜಿನ್ ಮೈಗೇ ಅಂಟಿಕೊಂಡಿದೆ. ಆ ಬಿಸಿಗೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ ಗಾಳಿ ಹಿಡಿಯುತ್ತದೆ. ಪಂಪಿಗೆ ಒದ್ದೆ ಬಟ್ಟೆ ಸುತ್ತಿದ ಮೇಲೆ ಚಾಲೂ ಆದರೆ ಕಾರಣ ಅದೇ. ಪಂಪಿಗೂ ಎಕ್ಸಾಸ್ಟಿಗೂ ನಡುವೆ ತಗಡಿನ ಅಡ್ಡ ಹಾಕಿದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಈ ಒಂದು ಕಾರಣಕ್ಕೆ ಗಾಡಿ ಬಿಡಬೇಡಿ.

ರಸ್ತೆಗೆ ತೆಗೆಯುವಾಗ

ಎರಡನ್ನೂ ಒಂದೇ ದಾರಿ, ಒಂದೇ ಹೊತ್ತು, ಒಂದೇ ಸಂಖ್ಯೆಯ ಜನರೊಂದಿಗೆ ಓಡಿಸಿ. ಖಾಲಿ ಗಾಡಿ ಓಡಿಸಿ ನೋಡುವುದು 800ಕ್ಕೆ ಸಿಕ್ಕ ರಿಯಾಯಿತಿ. 65 ಕೆ.ಜಿ.ಯ ನಾಲ್ಕು ಜನ ಅಂದರೆ 260 ಕೆ.ಜಿ. ಸುಮಾರು 650 ಕೆ.ಜಿ.ಯ 800ಕ್ಕೆ ಅದು ಅದರ ಸ್ವಂತ ತೂಕದ ನೂರಕ್ಕೆ 40 ಭಾಗ. 1,100 ಕೆ.ಜಿ.ಯ ಅಂಬಾಸಡರ್‌ಗೆ 24 ಭಾಗವೂ ಇಲ್ಲ. ಒಬ್ಬರೇ ಕೂತಾಗ ಚುರುಕಾಗಿದ್ದ 800, ಮನೆ ಮಂದಿ ಹತ್ತಿ ಬೀದರ್ ಕಡೆಯ ಏರು ಬಂದಾಗ ಮೂರನೇ ಗೇರಿಗೆ ಇಳಿಯುತ್ತದೆ. ಅಂಬಾಸಡರ್ ಹಾಗೂ ಹೀಗೂ ಒಂದೇ ಥರ, ನಿಧಾನ.

ಸ್ಟಿಯರಿಂಗ್ ಪೂರ್ತಿ ತಿರುಗಿಸಿ 8 ಅಂಕಿಯ ಹಾಗೆ ಎರಡು ಸುತ್ತು ಹಾಕಿ. 800ರಲ್ಲಿ ಮುಂದಿನಿಂದ ಟಕಟಕ ಬಂದರೆ ಎಕ್ಸೆಲ್ ಜಾಯಿಂಟ್ ಹೋಗಿದೆ. ಅಂಬಾಸಡರ್ ಹಿಂದಿನ ಗಾಲಿಯಿಂದ ಓಡುವ ಗಾಡಿ, ಅಲ್ಲಿ ನೋಡಬೇಕಾದ್ದು ಬೇರೆ. ಆಕ್ಸಿಲರೇಟರ್ ಬಿಟ್ಟು ಒತ್ತಿದಾಗ ಕೆಳಗೆ ‘ಠಣ್’ ಅಂದರೆ ಹಿಂದಕ್ಕೆ ಹೋಗುವ ಶಾಫ್ಟಿನ ಜಾಯಿಂಟ್, ಅಂದರೆ ಕ್ರಾಸ್, ಸವೆದಿದೆ. 40ರಿಂದ 60ರ ವೇಗದಲ್ಲಿ ಹಿಂದಿನಿಂದ ಗುಂಯ್ ಅಂತ ಊಳಿಟ್ಟರೆ ಹೌಸಿಂಗ್, ಅಂದರೆ ಹಿಂದಿನ ಎಕ್ಸೆಲ್ ನಡುವಿನ ಗೇರುಗಳ ಡಬ್ಬಿ. ಕ್ರಾಸ್ ಅಗ್ಗ, ಹೌಸಿಂಗ್ ಅಲ್ಲ.

ಖಾಲಿ ರಸ್ತೆಯಲ್ಲಿ 40ರ ವೇಗದಿಂದ ಐದು ಸಲ ಬ್ರೇಕ್ ಹೊಡೆದು ನಿಲ್ಲಿಸಿ. ಐದನೆಯದರಲ್ಲಿ ಪೆಡಲ್ ಎಷ್ಟು ಕೆಳಗಿಳಿಯಿತು ನೋಡಿ. ಗಾಡಿ ನಿಂತ ಮೇಲೆ ಪೆಡಲ್ ಒತ್ತಿ ಅರ್ಧ ನಿಮಿಷ ಹಿಡಿಯಿರಿ. ಮೆಲ್ಲಗೆ ನೆಲಕ್ಕೆ ಇಳಿದರೆ ಮಾಸ್ಟರ್ ಸಿಲಿಂಡರ್.

ಮೈಲೇಜ್ ವಿಷಯದಲ್ಲಿ ಯಾರ ಬಾಯಿಮಾತನ್ನೂ ನಂಬಬೇಡಿ. ಕಲಬುರಗಿಯಲ್ಲಿ ಒಂದು ಬಂಕಿನಲ್ಲಿ ನಳಿಕೆ ಮೊದಲ ಸಲ ತಾನಾಗಿ ನಿಲ್ಲುವ ತನಕ ತುಂಬಿಸಿ. ಹುಮನಾಬಾದ್‌ಗೆ ಹೋಗಿ ಬನ್ನಿ, ಎರಡು ಕಡೆ ಸೇರಿ ಸುಮಾರು 120 ಕಿ.ಮೀ. ಅದೇ ಬಂಕು, ಅದೇ ನಳಿಕೆಯಲ್ಲಿ ಮತ್ತೆ ಹಾಗೇ ತುಂಬಿಸಿ, ಹಿಡಿದ ಲೀಟರಿನಿಂದ ಕಿ.ಮೀ. ಭಾಗಿಸಿ. ಗಾಡಿಯ ಮೀಟರ್ ಬದಲು ಮೊಬೈಲ್ ಮ್ಯಾಪಿನ ಕಿ.ಮೀ. ಹಿಡಿಯಿರಿ, ಹಳೇ ಮೀಟರುಗಳು ಹೆಚ್ಚು ತೋರಿಸುವುದುಂಟು. ಚಲೋ ಸ್ಥಿತಿಯ 800 ಲೀಟರಿಗೆ 16ರ ಆಸುಪಾಸು, 1489 ಪೆಟ್ರೋಲ್ ಅಂಬಾಸಡರ್ 9ರ ಆಸುಪಾಸು ಕೊಡುತ್ತದೆ. ತಿಂಗಳಿಗೆ 500 ಕಿ.ಮೀ. ಓಡಿಸಿದರೆ ವರ್ಷಕ್ಕೆ 375 ಲೀಟರಿಗೆ ಎದುರು 667 ಲೀಟರ್. ಲೀಟರಿಗೆ ನೂರೇ ರೂಪಾಯಿ ಹಿಡಿದರೂ ವ್ಯತ್ಯಾಸ 29,000 ಮೀರುತ್ತದೆ. ತಿಂಗಳಿಗೆ 100 ಕಿ.ಮೀ. ಓಡಿಸುವವರಿಗೆ ಅದೇ ವ್ಯತ್ಯಾಸ 6,000ದೊಳಗೆ. ಅಂಬಾಸಡರ್ ದುಬಾರಿ ಅನ್ನುವ ಮಾತು ಯಾರು ಎಷ್ಟು ಓಡಿಸುತ್ತಾರೆ ಅನ್ನುವುದರ ಮೇಲೆ.

ಸಾಮಾನು ಎಲ್ಲಿ ಸಿಗುತ್ತದೆ

800ಕ್ಕೆ ದೊಡ್ಡ ಬಲ ಓಮ್ನಿ. 796 ಸಿಸಿಯ ಅದೇ ಇಂಜಿನ್ ಓಮ್ನಿಯಲ್ಲಿ 2019ರ ತನಕ ಬಂತು. ಗ್ಯಾಸ್ಕೆಟ್, ಟೈಮಿಂಗ್ ಬೆಲ್ಟ್, ವಾಟರ್ ಪಂಪು, ಕ್ಲಚ್ ತಟ್ಟೆ ಇವೆಲ್ಲ ತಾಲೂಕು ಕೇಂದ್ರದಲ್ಲೂ ಸಿಗುತ್ತವೆ. ಬಾಡಿಯ ಸಾಮಾನು ಮಾತ್ರ, ಬಾಗಿಲ ರಬ್ಬರ್, ಗಾಜಿನ ಬೀಡಿಂಗ್, ಚಿಲಕ ಇಂಥವು, ಓಮ್ನಿಯವು ಕೂರುವುದಿಲ್ಲ. ಅಂಬಾಸಡರ್‌ನದು ಉಲ್ಟಾ. ಓಡುವ ಸಾಮಾನಿಗೆ ಹೈದರಾಬಾದ್, ಸೊಲ್ಲಾಪುರದ ಹಳೇ ಅಂಗಡಿಗಳಿಗೆ ಫೋನ್ ಹಚ್ಚಬೇಕು. ಆದರೆ ಬುಷ್, ಪಿನ್, ಪಾಟಾ ಎಲೆ ಇಂಥವನ್ನು ಲೇತಿನವರೇ ಕಡೆದು ಕೊಡುತ್ತಾರೆ. ಕೊಳ್ಳುವ ಮುಂಚೆ ಹತ್ತು ಸಾಮಾನಿನ ಚೀಟಿ ಬರೆದು, ನೀವು ನಂಬುವ ಮಿಸ್ತ್ರಿಯಿಂದ ಎರಡೂ ಗಾಡಿಗೆ ಬೆಲೆ ಮತ್ತು ಬರಲು ಬೇಕಾಗುವ ದಿನ ಬರೆಸಿಕೊಳ್ಳಿ: ಹೆಡ್ ಗ್ಯಾಸ್ಕೆಟ್, ಕ್ಲಚ್ ತಟ್ಟೆ, ವಾಟರ್ ಪಂಪು, ಪೆಟ್ರೋಲ್ ಪಂಪು, ಮಾಸ್ಟರ್ ಸಿಲಿಂಡರ್, ವೀಲ್ ಬೇರಿಂಗ್, ಮುಂದಿನ ಗಾಜು, ಸೆಲ್ಫ್, ಸೈಲೆನ್ಸರ್, ಒಂದು ಜೊತೆ ಟೈರು. ಬೆಲೆಗಿಂತ ದಿನದ ಅಂಕಣ ಹೆಚ್ಚು ಹೇಳುತ್ತದೆ.

ಎರಡನೇ ಪಟ್ಟಿಯ ಒಟ್ಟು ಖರ್ಚು, ನವೀಕರಣದ ಶುಲ್ಕ, ವರ್ಷದ ಪೆಟ್ರೋಲು, ವಿಮೆ ಇಷ್ಟನ್ನು ಕೇಳಿದ ಬೆಲೆಗೆ ಕೂಡಿಸಿ. ಎರಡು ಗಾಡಿಯನ್ನು ಹೋಲಿಸಬಹುದಾದ ಅಂಕಿ ಇದೊಂದೇ.

ತಂದ ಮೊದಲ ವಾರ

ಯಾವುದನ್ನೇ ತಂದರೂ ಮೊದಲು ಪೆಟ್ರೋಲ್ ಪೈಪು. ಈಗ ಬಂಕಿನಲ್ಲಿ ಬರುವುದು ನೂರಕ್ಕೆ 20 ಭಾಗ ಎಥನಾಲ್ ಬೆರೆತದ್ದು. ಹಳೇ ರಬ್ಬರ್ ಅದಕ್ಕೆ ಉಬ್ಬಿ, ಮೆತ್ತಗಾಗಿ, ಬಿರಿಯುತ್ತದೆ. ಬಿಸಿ ಎಕ್ಸಾಸ್ಟಿನ ಪಕ್ಕ ಅದು ಸೋರಿದರೆ ಬೆಂಕಿ. ಮೈಮೇಲೆ ಜೆ30 ಆರ್9 ಅಂತ ಅಚ್ಚಾದ ಪೈಪು ಹಾಕಿಸಿ, ಹೊಸ ಕ್ಲಿಪ್ ಸಮೇತ. ಪಂಪಿನ ಡಯಾಫ್ರಮ್, ಕಾರ್ಬೋರೇಟರ್ ಗ್ಯಾಸ್ಕೆಟ್ ಕಿಟ್ ಕೂಡ. ಎಥನಾಲ್ ಟ್ಯಾಂಕಿನ ಹಳೇ ಜಂಗನ್ನು ಎಬ್ಬಿಸಿ ತರುತ್ತದೆ, ಆದ್ದರಿಂದ ಪಾರದರ್ಶಕ ಫಿಲ್ಟರ್ ಹಾಕಿ ಮೊದಲ ತಿಂಗಳು ವಾರಕ್ಕೊಮ್ಮೆ ನೋಡಿ. ಪಿಕಪ್ ಎಳೆದೆಳೆದು ಬಂದರೆ ಪೆಟ್ರೋಲ್ ಸಾಲುತ್ತಿಲ್ಲ, ಕಾರ್ಬೋರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ ತುಂಡು, ಮೇನ್ ಜೆಟ್, ಒಂದು ನಂಬರ್ ದೊಡ್ಡದು ಹಾಕಿಸಿ. ವಾರಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಕಾರ್ಬೋರೇಟರ್ ತೊಟ್ಟಿ ಖಾಲಿ ಮಾಡಿ ನಿಲ್ಲಿಸಿ, ಎಥನಾಲ್ ಗಾಳಿಯ ನೀರು ಹೀರುತ್ತದೆ.

800ರ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅನ್ನುವ ಚೀಟಿ ಇಲ್ಲದಿದ್ದರೆ, ಇವತ್ತೇ ಬದಲಿಸಿ. ಅಂಬಾಸಡರ್‌ಗೆ ಚೈನು, ಸದ್ದು ಮಾಡಿ ಎಚ್ಚರಿಸುತ್ತದೆ. ಬೆಲ್ಟ್ ಹೇಳದೆ ಹೋಗುತ್ತದೆ. ಆಯಿಲ್ 800ಕ್ಕೆ ಸುಮಾರು 3 ಲೀಟರ್ 20ಡಬ್ಲ್ಯು-40, ಅಂಬಾಸಡರ್‌ಗೆ 4 ಲೀಟರಿಗಿಂತ ತುಸು ಹೆಚ್ಚು 20ಡಬ್ಲ್ಯು-50, ಹೌಸಿಂಗಿಗೆ ಇಪಿ 90. ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಸಂದು ಎರಡಕ್ಕೂ 0.4 ಮಿ.ಮೀ. ಇಟ್ಟರೆ ನಡೆಯುತ್ತದೆ. ಸೇಡಂ, ವಾಡಿ ಕಡೆಯ ಸಿಮೆಂಟ್ ಧೂಳಿನಲ್ಲಿ ಓಡುವ ಗಾಡಿಗೆ ಏರ್ ಫಿಲ್ಟರ್ ಪುಸ್ತಕ ಹೇಳಿದ ಕಿ.ಮೀ.ಯ ಅರ್ಧಕ್ಕೇ ಬದಲಿಸಿ.

ಅಂಬಾಸಡರ್ ತಂದವರಿಗೆ ಇನ್ನೊಂದು ಕೆಲಸ, 800ರವರಿಗೆ ಇಲ್ಲದ್ದು: ಮುಂದಿನ ಗಾಲಿ ತಿರುಗಲು ಆಧಾರವಾದ ಕಿಂಗ್ ಪಿನ್ನಿಗೆ ಗ್ರೀಸ್. 1,500 ಕಿ.ಮೀ.ಗೊಮ್ಮೆ, ಮಳೆಗಾಲದಲ್ಲಿ ಎರೆ ಹೊಲದ ದಾರಿ ತುಳಿದಿದ್ದರೆ ಅದಕ್ಕೂ ಮುಂಚೆ. ಗಾಲಿ ನೆಲದ ಮೇಲಿದ್ದಾಗ ಗನ್ ಹೊಡೆದರೆ ಭಾರ ಬಿದ್ದ ಕಡೆ ಗ್ರೀಸ್ ಹೋಗುವುದೇ ಇಲ್ಲ. ಜಾಕ್ ಕೊಟ್ಟು, ಗಾಲಿ ತೂಗುಬಿಟ್ಟು, ಸ್ಟ್ಯಾಂಡ್ ಇಟ್ಟು ಹೊಡೆಯಿರಿ. ನಿಪ್ಪಲ್ಲಿನ ಮಣ್ಣು ಮೊದಲು ಒರೆಸಿ. ಹಳೇ ಕಪ್ಪು ಗ್ರೀಸ್ ಪೂರ್ತಿ ಹೊರಬಿದ್ದು ಹೊಸ ಬಣ್ಣ ಕಾಣುವ ತನಕ ನಿಲ್ಲಿಸಬೇಡಿ.